ಇರಾವತಿ ಕರ್ವೆ

ಬ್ರಹ್ಮದೇಶದ ನಡುವೆ ಇರಾವತಿ ಎಂಬ ದೊಡ್ಡ ನದಿ ಹರಿಯುತ್ತದೆ. ಆ ದೇಶಕ್ಕೆ ಈಗ ಮ್ಯಾನ್ಮಾರ್ ಎಂದು ಹೆಸರು. ನದಿಯ ಸೀಮೆಯ ಮಿಂಜಾನ್ ಎಂಬ ಊರಿನಲ್ಲಿ ಗಣೇಶ ಹರಿ ಕರಮರಕರ ಎಂಬ ಮಹಾರಾಷ್ಟ್ರದ ಗೃಹಸ್ಥರು ಹತ್ತಿಯ ಕಂಪನಿಯೊಂದರಲ್ಲಿ ನೌಕರಿಯಲ್ಲಿದ್ದರು. 1905ನೆಯ ಇಸವಿಯ ಡಿಸೆಂಬರ್ 15ರಂದು ಅವರಿಗೊಬ್ಬ ಮಗಳು ಹುಟ್ಟಿದಳು. ತಂದೆ ಮಗುವಿಗೆ ಆ ನದಿಯ ಹೆಸರನ್ನೇ ಇಟ್ಟರು. ಮುಂದೆ ಊರೂರು ತಿರುಗಿ, ನಮ್ಮ ದೇಶದ ಜನರನ್ನು ಪುಸ್ತಕದಂತೆ ಓದಿ ಬರೆದ ಡಾ. ಇರಾವತಿ ಕರ್ವೆಯವರೇ ಆ ಮಗು.

ಏಳು ವರ್ಷದ ಇರಾವತಿಯನ್ನು ಓದಿಗಾಗಿ ಪುಣೆಗೆ ಕಳಿಸಿದರು. ಅಲ್ಲಿ ಹುಜೂರಪಾಗಾ ಎಂಬ ಹೆಸರಾಂತ ಹೆಣ್ಣುಮಕ್ಕಳ ಶಾಲೆ ಇದೆ. ಹುಡುಗಿ ಅಲ್ಲಿನ ವಸತಿಗೃಹದಲ್ಲಿ ಉಳಿದಳು. ಸಮುದ್ರದಾಚೆ ತಂದೆತಾಯಿ, ಈಚೆ ಏಳು ವರ್ಷದ ಮಗಳು! ನಿಮ್ಮಲ್ಲಿ ಯಾರಾದರೂ ವಸತಿಶಾಲೆಯಲ್ಲಿದ್ದರೆ ಆ ಮಗುವಿನ ಮನಸ್ಸು ನಿಮಗೆ ತಿಳಿದೀತು. ಆದರೆ ಶಾಲೆಯಲ್ಲಿ ಅವಳಿಗೆ ಶಕುಂತಲಾ ಎಂಬ ಗೆಳತಿ ಸಿಕ್ಕಳು. ಶಕುಂತಲೆಯ ತಂದೆ ರ‍್ಯಾಂಗ್ಲರ್ ಪರಾಂಜಪೆಯವರು ಫರ್ಗ್ಯುಸನ್ ಕಾಲೇಜಿನ ಪ್ರಾಂಶುಪಾಲರು, ದೊಡ್ಡ ಗಣಿತಜ್ಞರು. ಆ ಮನೆಯವರು ಇರಾವತಿಯನ್ನು ತಮ್ಮ ಎರಡನೆಯ ಮಗಳಂತೆ ಇಟ್ಟುಕೊಂಡರು. ಮನೆ ತುಂಬ ಪುಸ್ತಕಗಳು, ಊಟದ ಹೊತ್ತಿಗೂ ಚರ್ಚೆ. ಯಾವುದನ್ನೂ ಹಿರಿಯರು ಹೇಳಿದರೆಂಬ ಒಂದೇ ಕಾರಣಕ್ಕೆ ಒಪ್ಪಬೇಕಾಗಿಲ್ಲ ಎಂಬ ಪಾಠ ಅಲ್ಲಿಯೇ ಆಗಿರಬೇಕು.

1926ರಲ್ಲಿ ಇರಾವತಿಯವರು ಫರ್ಗ್ಯುಸನ್ ಕಾಲೇಜಿನಿಂದ ತತ್ತ್ವಶಾಸ್ತ್ರದಲ್ಲಿ ಪದವಿ ಪಡೆದರು. ಬಳಿಕ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಪ್ರಸಿದ್ಧ ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆಯವರ ಕೈಕೆಳಗೆ ಅಭ್ಯಾಸ ಮಾಡಿ 1928ರಲ್ಲಿ ಎಂ.ಎ. ಮುಗಿಸಿದರು. ಅಷ್ಟರಲ್ಲಿ ದಿನಕರ ಕರ್ವೆಯವರೊಡನೆ ಅವರ ವಿವಾಹವಾಗಿತ್ತು. ದಿನಕರರು ರಸಾಯನಶಾಸ್ತ್ರದ ಅಧ್ಯಾಪಕರು. ವಿಧವೆಯರ ಶಿಕ್ಷಣಕ್ಕಾಗಿ ಬಾಳನ್ನೇ ತೆತ್ತ ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಮಗ.

ಹೆಣ್ಣುಮಕ್ಕಳಿಗಾಗಿ ವಿಶ್ವವಿದ್ಯಾಲಯವನ್ನೇ ಕಟ್ಟಿದ ಮಾವನವರು ಸೊಸೆಯ ಓದಿಗೆ ಕೂಡಲೇ ಒಪ್ಪಿರಬೇಕು ಎಂದು ನೀವು ಎಣಿಸಬಹುದು. ಹಾಗಾಗಲಿಲ್ಲ. ಸೊಸೆ ಹೆಚ್ಚಿನ ಅಭ್ಯಾಸಕ್ಕೆ ಜರ್ಮನಿಗೆ ಹೋಗುವುದು ಮಹರ್ಷಿಗಳಿಗೆ ಮನಸ್ಸಿಗೆ ಬರಲಿಲ್ಲ. ದೊಡ್ಡವರ ಬಾಳಿನಲ್ಲಿಯೂ ಇಂಥ ಸಂದರ್ಭಗಳಿರುತ್ತವೆ. ಆದರೆ ಜರ್ಮನಿಯಲ್ಲಿ ತಾವೇ ಓದಿ ಬಂದಿದ್ದ ಪತಿ ದಿನಕರರು ಹೆಂಡತಿಯ ಬೆನ್ನಿಗೆ ನಿಂತರು. ಹಣದ ಅಡಚಣೆ ಇತ್ತು. ಡಾ. ಜೀವರಾಜ ಮೆಹತಾ ಅವರು ಸಾಲ ಕೊಟ್ಟರು. ಮುಂದೆ 1960ರಲ್ಲಿ ಗುಜರಾತಿನ ಮೊದಲ ಮುಖ್ಯಮಂತ್ರಿಗಳಾದವರು ಇವರೇ. 1928ರ ಕೊನೆಗೆ ಇರಾವತಿಯವರು ಹಡಗು ಹತ್ತಿದರು.

ಬರ್ಲಿನ್ ನಗರದಲ್ಲಿ ನಡೆದ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಅವರು ಅಲ್ಲಿ ಓದಲು ಹೋದದ್ದು ಮಾನವಶಾಸ್ತ್ರವನ್ನು. ಮನುಷ್ಯನ ದೇಹ, ವಂಶ, ಕುಟುಂಬ, ರೀತಿನೀತಿಗಳನ್ನು ಕುರಿತು ಅಭ್ಯಾಸ ಮಾಡುವ ಶಾಸ್ತ್ರವದು. ಅವರ ಮಾರ್ಗದರ್ಶಕರು ಓಯ್ಗನ್ ಫಿಶರ್ ಎಂಬ ದೊಡ್ಡ ಹೆಸರಿನ ಪ್ರಾಧ್ಯಾಪಕರು. ಬಿಳಿಯ ಜನರು ಉಳಿದ ಜನಾಂಗಗಳಿಗಿಂತ ಬುದ್ಧಿಯಲ್ಲಿ ಮೇಲು ಎಂಬುದು ಆಗ ಯುರೋಪಿನ ಅನೇಕ ಪಂಡಿತರ ನಂಬಿಕೆಯಾಗಿತ್ತು. ಫಿಶರರದೂ ಅದೇ ಮತ. ಮನುಷ್ಯನ ತಲೆಬುರುಡೆಯ ಎಡಭಾಗ ಮತ್ತು ಬಲಭಾಗ ಒಂದೇ ಅಳತೆಯವಲ್ಲ, ತುಸು ಹೆಚ್ಚುಕಡಿಮೆ ಇರುತ್ತವೆ. ಈ ಹೆಚ್ಚುಕಡಿಮೆ ಯುರೋಪಿನವರಲ್ಲಿ ಒಂದು ಬಗೆ, ಉಳಿದವರಲ್ಲಿ ಇನ್ನೊಂದು ಬಗೆ. ಯುರೋಪಿನವರ ತರ್ಕಶಕ್ತಿಗೆ ಇದೇ ಗುರುತು ಎಂದು ಫಿಶರರು ಊಹಿಸಿದ್ದರು. ಆ ಊಹೆಗೆ ಆಧಾರ ಒದಗಿಸುವ ಕೆಲಸ ಭಾರತದಿಂದ ಬಂದ ಈ ವಿದ್ಯಾರ್ಥಿನಿಯ ಪಾಲಿಗೆ ಬಂತು.

ಇರಾವತಿಯವರು 149 ತಲೆಬುರುಡೆಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ಅಳೆದರು. ಅವುಗಳಲ್ಲಿ ಯುರೋಪಿನವೂ ಇದ್ದವು, ಆಫ್ರಿಕಾದಲ್ಲಿ ಜರ್ಮನರು ಆಳುತ್ತಿದ್ದ ನಾಡುಗಳಿಂದ ಹೊತ್ತು ತಂದವೂ ಇದ್ದವು. ಅವೆಲ್ಲ ಒಂದು ಕಾಲಕ್ಕೆ ಯಾರದೋ ಅಣ್ಣ, ಯಾರದೋ ತಾಯಿ ಆಗಿದ್ದವರ ತಲೆಗಳು ಎಂಬುದನ್ನು ನಾವು ಮರೆಯಬಾರದು. ಅಳತೆ ಮುಗಿಯಿತು, ಲೆಕ್ಕ ಮುಗಿಯಿತು. ಗುರುಗಳು ಬಯಸಿದ ಉತ್ತರ ಮಾತ್ರ ಬರಲಿಲ್ಲ. ಎಡಬಲಗಳ ಹೆಚ್ಚುಕಡಿಮೆ ಎಲ್ಲ ಜನಾಂಗಗಳ ಬುರುಡೆಗಳಲ್ಲಿಯೂ ಇತ್ತು. ಅದಕ್ಕೂ ಜನಾಂಗಕ್ಕೂ ಯಾವ ಸಂಬಂಧವೂ ಕಾಣಲಿಲ್ಲ.

ಈಗ ವಿಚಾರ ಮಾಡಿ. ಪದವಿ ಕೊಡುವವರು ಗುರುಗಳು. ದೇಶ ಪರದೇಶ. ಕೈಯಲ್ಲಿರುವುದು ಸಾಲದ ಹಣ. ನಾಲ್ಕು ಅಂಕಿಗಳನ್ನು ಆಚೀಚೆ ಮಾಡಿದ್ದರೆ, ಇಲ್ಲವೇ ಕೊನೆಯ ಮಾತನ್ನು ತುಸು ತೇಲಿಸಿ ಬರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇಪ್ಪತ್ತನಾಲ್ಕು ವರ್ಷದ ಇರಾವತಿಯವರು ಹಾಗೆ ಮಾಡಲಿಲ್ಲ. ಅಳತೆಗೆ ಸಿಕ್ಕಿದ್ದನ್ನೇ ಪ್ರಬಂಧದಲ್ಲಿ ಬರೆದರು. 1930ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು. ಅದಾಗಿ ಮೂರು ವರ್ಷಕ್ಕೆ ಹಿಟ್ಲರನು ಅಧಿಕಾರಕ್ಕೆ ಬಂದನು. ಅದೇ 1933ರಲ್ಲಿ ಫಿಶರರು ಆ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು. ಒಂದು ಜನಾಂಗ ಮೇಲು, ಇನ್ನೊಂದು ಕೀಳು ಎಂಬ ಸುಳ್ಳುಶಾಸ್ತ್ರದ ಹೆಸರಿನಲ್ಲಿ ಜರ್ಮನಿಯಲ್ಲಿ ಲಕ್ಷಗಟ್ಟಲೆ ಜನರನ್ನು ಕೊಂದದ್ದನ್ನು ನೀವು ಇತಿಹಾಸದ ಪಾಠದಲ್ಲಿ ಓದುವಿರಿ. ಆಗ ಆ 149 ಬುರುಡೆಗಳ ಲೆಕ್ಕವನ್ನೂ ನೆನಪಿಡಿ.

ಊರಿಗೆ ಮರಳಿದ ಮೇಲೆ ಅವರು 1931ರಿಂದ 1936ರವರೆಗೆ ಮುಂಬಯಿಯ ಮಹಿಳಾ ವಿಶ್ವವಿದ್ಯಾಲಯದಲ್ಲಿ ಕುಲಸಚಿವರಾಗಿ ಕಚೇರಿಯ ಕೆಲಸ ನೋಡಿದರು. ಅದು ಅವರ ಸ್ವಭಾವಕ್ಕೆ ಹೊಂದುವ ಕೆಲಸವಲ್ಲ. 1939ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಸಂಶೋಧನ ಸಂಸ್ಥೆಯಾಗಿ ಮತ್ತೆ ತೆರೆಯಿತು. ಇರಾವತಿಯವರು ಅಲ್ಲಿ ಸಮಾಜಶಾಸ್ತ್ರದ ಅಧ್ಯಾಪಕರಾಗಿ ಸೇರಿ, ವಿಭಾಗದ ಮುಖ್ಯಸ್ಥರಾಗಿ, ಮುಂದಿನ ಕೆಲಸವನ್ನೆಲ್ಲ ಅಲ್ಲಿಯೇ ಮಾಡಿದರು. 1947ರಲ್ಲಿ ದಿಲ್ಲಿಯಲ್ಲಿ ಸೇರಿದ ಭಾರತೀಯ ವಿಜ್ಞಾನ ಪರಿಷತ್ತಿನಲ್ಲಿ ಮಾನವಶಾಸ್ತ್ರ ವಿಭಾಗಕ್ಕೆ ಅವರೇ ಅಧ್ಯಕ್ಷರು.

ಪುಣೆಯ ಜನ ಅವರನ್ನು ಬೆರಗಿನಿಂದ ನೋಡುತ್ತಿದ್ದರು. ಎತ್ತರದ ನಿಲುವಿನ ಈ ಹೆಣ್ಣುಮಗಳು ಸೀರೆಯುಟ್ಟು ಸ್ಕೂಟರ್ ನಡೆಸುತ್ತ ಕಾಲೇಜಿಗೆ ಹೋಗುತ್ತಿದ್ದರು. ಪುಣೆಯಲ್ಲಿ ಸ್ಕೂಟರ್ ಓಡಿಸಿದ ಮೊದಲ ಮಹಿಳೆ ಅವರೆಂದು ಹೇಳುತ್ತಾರೆ. ಇನ್ನೂ ಬೆರಗಿನ ಮಾತೆಂದರೆ ಅವರು ಗಂಡನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನಮ್ಮ ಕಡೆ ಮದುವೆಯಲ್ಲಿ ಒಡಪು ಹಾಕಿ, ಸುತ್ತುಬಳಸಿ ಗಂಡನ ಹೆಸರು ಹೇಳುವ ಅವ್ವಂದಿರನ್ನು ನೀವು ಕಂಡಿದ್ದೀರಿ. ಮರಾಠಿಯಲ್ಲಿ ಅದನ್ನೇ ಉಖಾಣೆ ಎನ್ನುತ್ತಾರೆ. ಎಂಬತ್ತು ತೊಂಬತ್ತು ವರ್ಷಗಳ ಹಿಂದೆ ಗಂಡನನ್ನು ಹೆಸರಿನಿಂದ ಕರೆಯುವುದು ಎಷ್ಟು ದೊಡ್ಡ ಮಾತು ಎಂದು ಇದರಿಂದ ತಿಳಿಯಿರಿ.

ಅವರ ನಿಜವಾದ ಪ್ರಯೋಗಶಾಲೆ ಇದ್ದದ್ದು ಊರುಗಳಲ್ಲಿ. ರೈಲಿನಲ್ಲಿ, ಬಸ್ಸಿನಲ್ಲಿ, ಕಾಲ್ನಡಿಗೆಯಲ್ಲಿ ಅವರು ದೇಶ ತಿರುಗಿದರು. ಗುಜರಾತಿನ ಲಾಂಘಣಜ ಎಂಬಲ್ಲಿ ಪುರಾತತ್ತ್ವಜ್ಞ ಎಚ್.ಡಿ. ಸಾಂಕಳಿಯಾ ಅವರೊಡನೆ ನೆಲ ಅಗೆದು ಶಿಲಾಯುಗದ ಮನುಷ್ಯರ ಎಲುಬುಗಳನ್ನು ಹೊರತೆಗೆದರು. ಮರಾಠರ, ಭಿಲ್ಲರ ದೇಹದ ಅಳತೆ ತೆಗೆದರು. ಕರ್ನಾಟಕದ ಮತ್ತು ಒರಿಸ್ಸಾದ ಜನರ ಅಳತೆಗಳನ್ನು ಹೋಲಿಸಿ ಲೇಖನ ಬರೆದರು. ಹೀಗೆ ಅಳೆದು ಜಾತಿಗಳ ಮೂಲವನ್ನು ಹುಡುಕುವ ದಾರಿಯನ್ನು ಈಗಿನ ವಿದ್ವಾಂಸರು ಅಷ್ಟಾಗಿ ಒಪ್ಪುವುದಿಲ್ಲ. ಬುರುಡೆಯ ಅಳತೆಯಿಂದ ಬುದ್ಧಿ ತಿಳಿಯುವುದಿಲ್ಲವೆಂದು ತೋರಿಸಿದವರೇ ಅಳತೆಯ ಪಟ್ಟಿಯನ್ನು ಕೊನೆಯವರೆಗೂ ಕೈಬಿಡಲಿಲ್ಲವಲ್ಲ ಎಂದು ನನಗೂ ಅನಿಸುತ್ತದೆ. ಅಳತೆಯ ಪಟ್ಟಿಯಿಂದ ಸಿಗದ ಸಂಗತಿಗಳನ್ನು ಅವರು ಜನರ ಮಾತಿನಿಂದ ಪಡೆದರು. ಅವರ ದೊಡ್ಡ ಪುಸ್ತಕ ಹುಟ್ಟಿದ್ದು ಅಲ್ಲಿಯೇ.

ಆ ಪುಸ್ತಕ ತಿಳಿಯಬೇಕಾದರೆ ನೀವು ಒಂದು ಕೆಲಸ ಮಾಡಿ. ನಿಮ್ಮ ಅಪ್ಪನ ತಂಗಿಯನ್ನು ಏನೆಂದು ಕರೆಯುತ್ತೀರಿ? ಅತ್ತೆ. ಅವ್ವನ ತಮ್ಮನ ಹೆಂಡತಿ? ಅವಳೂ ಅತ್ತೆ. ಮದುವೆಯಾದ ಮೇಲೆ ಗಂಡನ ತಾಯಿ, ಇಲ್ಲವೇ ಹೆಂಡತಿಯ ತಾಯಿ? ಅವಳೂ ಅತ್ತೆಯೇ. ಹಾಗೆಯೇ ಅವ್ವನ ತಮ್ಮನೂ ಮಾವ, ಹೆಂಡತಿಯ ತಂದೆಯೂ ಮಾವ. ಅಕ್ಕನ ಮಗನನ್ನೂ ಅಳಿಯ ಎನ್ನುತ್ತೇವೆ, ಮಗಳ ಗಂಡನನ್ನೂ ಅಳಿಯ ಎನ್ನುತ್ತೇವೆ. ಈಗ ಮರಾಠಿ ಮಾತಾಡುವ ನಿಮ್ಮ ಗೆಳೆಯನನ್ನು ಕೇಳಿ. ಅವನು ಆತ್ಯಾ, ಮಾಮೀ, ಸಾಸೂ ಎಂದು ಮೂವರಿಗೆ ಮೂರು ಹೆಸರು ಹೇಳುತ್ತಾನೆ. ಮಾಮಾ ಬೇರೆ, ಸಾಸರಾ ಬೇರೆ. ಭಾಚಾ ಬೇರೆ, ಜಾವಯಿ ಬೇರೆ. ಜತ್ತ ತಾಲೂಕಿನ ಸೋನ್ಯಾಳದಂಥ ಊರಿನಲ್ಲಿ, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ಮಕ್ಕಳು ಈ ಎರಡೂ ಬಗೆಯನ್ನು ಬಾಯಲ್ಲಿ ಹೊತ್ತು ತಿರುಗುತ್ತಾರೆ. ಆದರೆ ಹೀಗೇಕೆ ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ಇರಾವತಿಯವರು ಕೇಳಿದರು.

ಕಾರಣ ಸರಳವಾಗಿದೆ. ದಕ್ಷಿಣದ ಅನೇಕ ಸಮುದಾಯಗಳಲ್ಲಿ ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ತರುವ ರೂಢಿ ಹಿಂದಿನಿಂದ ನಡೆದು ಬಂದಿದೆ. ಸೋದರಮಾವನೇ ಹೆಣ್ಣು ಕೊಟ್ಟ ಮಾವನೂ ಆಗುವಾಗ ಎರಡು ಹೆಸರು ಯಾಕೆ ಬೇಕು? ಉತ್ತರ ಭಾರತದಲ್ಲಿ ಮಾಮನ ಮಗಳೆಂದರೆ ತಂಗಿ. ಅಲ್ಲಿ ಹೆಣ್ಣನ್ನು ಬೇರೆ ಊರಿನ, ಸಂಬಂಧವಿಲ್ಲದ ಮನೆಗೆ ಕೊಡುತ್ತಾರೆ. ಸೊಸೆ ಹೊಸ ಮನೆಯಲ್ಲಿ ಪರಕೀಯಳಂತೆ ಸೆರಗು ಮುಸುಕು ಹಾಕಿಕೊಂಡು ಇರಬೇಕು. ನಮ್ಮ ಕಡೆಯ ಹುಡುಗಿಗೆ ಅತ್ತೆಯ ಮನೆಯ ಅಡುಗೆಕೋಣೆ ಚಿಕ್ಕಂದಿನಿಂದಲೇ ಗೊತ್ತಿರುತ್ತದೆ. ಮಹಾರಾಷ್ಟ್ರ ಇವೆರಡರ ನಡುವೆ ನಿಂತಿದೆ: ಅನೇಕ ಸಮುದಾಯಗಳಲ್ಲಿ ಮಾಮನ ಮಗಳನ್ನು ತರಬಹುದು, ಆತ್ಯಾಳ ಮಗಳನ್ನು ತರುವಂತಿಲ್ಲ. ಭಾಷೆಯ ಗಡಿಯಂತೆ ನಂಟಸ್ತಿಕೆಗೂ ಗಡಿಗಳಿವೆ, ಆ ಗಡಿಗಳು ಗೆರೆ ಎಳೆದಂತೆ ಇರದೆ ಒಂದರೊಳಗೊಂದು ಬೆರೆತಿರುತ್ತವೆ ಎಂಬುದನ್ನು ಅವರು ಕಂಡುಕೊಂಡರು. (ಹತ್ತಿರದ ರಕ್ತಸಂಬಂಧದ ಮದುವೆಯಿಂದ ಹುಟ್ಟುವ ಮಕ್ಕಳಿಗೆ ಕೆಲವು ಆನುವಂಶಿಕ ರೋಗಗಳ ಭಯ ಹೆಚ್ಚೆಂದು ವೈದ್ಯರು ಹೇಳುತ್ತಾರೆ. ರೂಢಿಯನ್ನು ತಿಳಿಯುವುದು ಬೇರೆ, ಮುಂದುವರಿಸುವುದು ಬೇರೆ.)

ವೇದಗಳಲ್ಲಿ, ಮಹಾಭಾರತದಲ್ಲಿ ಬರುವ ಸಂಬಂಧವಾಚಕ ಪದಗಳನ್ನು ಹೆಕ್ಕಿ, ಅವುಗಳ ಪಕ್ಕದಲ್ಲಿ ಊರೂರಿನ ಹೆಣ್ಣುಮಕ್ಕಳಿಂದ ಕೇಳಿ ಬರೆದುಕೊಂಡ ಪದಗಳನ್ನು ಇಟ್ಟು, ಇಡೀ ದೇಶವನ್ನು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂದು ನಾಲ್ಕು ವಲಯಗಳಾಗಿ ಅವರು ವಿವರಿಸಿದರು. ‘ಭಾರತದಲ್ಲಿ ಬಂಧುತ್ವ ವ್ಯವಸ್ಥೆ’ ಎಂಬ ಅರ್ಥದ ಹೆಸರುಳ್ಳ ಆ ಇಂಗ್ಲಿಷ್ ಗ್ರಂಥ 1953ರಲ್ಲಿ ಪ್ರಕಟವಾಯಿತು. ಮಾನವಶಾಸ್ತ್ರ ಕಲಿಯುವವರು ಇಂದಿಗೂ ಅದನ್ನು ಓದುತ್ತಾರೆ.

ಒಮ್ಮೆ ಅವರು ಆಷಾಢದ ವಾರಿಗೆ ಹೋದರು. ಜ್ಞಾನೇಶ್ವರರ ಪಾಲಕಿಯ ಹಿಂದೆ ದಿಂಡಿಯೊಂದರಲ್ಲಿ ಸೇರಿ ಪಂಢರಪುರದವರೆಗೆ ನಡೆದರು. ಮಳೆ, ಕೆಸರು, ಘಾಟಿನ ಏರು, ಮೇಲೆ ಸಾಲುಸಾಲು ಅಭಂಗಗಳು. ದಾರಿಯುದ್ದಕ್ಕೂ ಎಲ್ಲರೂ ಒಂದೇ ದೇವರ ಹೆಸರು ಹಾಡುತ್ತಿದ್ದರು. ಊಟದ ಹೊತ್ತಿಗೆ ಮಾತ್ರ ಅದೇ ದಿಂಡಿಯೊಳಗೆ ಬ್ರಾಹ್ಮಣರ ಪಂಕ್ತಿ ಬೇರೆ, ಮರಾಠರ ಪಂಕ್ತಿ ಬೇರೆ. ಇದು ಇರಾವತಿಯವರ ಮನಸ್ಸನ್ನು ಕೊರೆಯಿತು. ಒಂದು ದಿನ ಅವರು ಎದ್ದು ಹೋಗಿ ಮರಾಠಾ ಹೆಣ್ಣುಮಕ್ಕಳ ಜೊತೆಗೆ ಕುಳಿತು ಉಂಡರು. ಅಷ್ಟೇ. ಮರುದಿನದಿಂದ ಆ ಹೆಂಗಸರು ಅವರ ಕೈಹಿಡಿದು ಪಕ್ಕದಲ್ಲಿ ನಡೆಯತೊಡಗಿದರು, ಮನೆಯ ಸುಖದುಃಖ ಹೇಳಿಕೊಂಡರು, ಕೊನೆಕೊನೆಗೆ ತಾಯಿ ಎಂದು, ಅಂದರೆ ಅಕ್ಕ ಎಂದು ಕರೆದರು. ಮರಾಠಿಯ ಆ ‘ತಾಯಿ’ ನಮ್ಮ ತಾಯಿಯಲ್ಲ, ಅಕ್ಕ, ಗೊಂದಲ ಬೇಡ. ಇದನ್ನು ಕುರಿತು ಅವರು ಬರೆದ ಪ್ರಬಂಧವನ್ನು ಪತಿ ದಿನಕರರೇ ಇಂಗ್ಲಿಷಿಗೆ ಅನುವಾದಿಸಿದರು. 1962ರಲ್ಲಿ ಅದು ಹೊರದೇಶದ ವಿದ್ವತ್‌ಪತ್ರಿಕೆಯಲ್ಲಿ ಪ್ರಕಟವಾಗಿ ಜಗತ್ತಿನ ಓದುಗರಿಗೆ ವಾರಿಯ ಪರಿಚಯ ಮಾಡಿಸಿತು. ಆ ಪ್ರಬಂಧ ಭಕ್ತಿಯನ್ನು ಕೊಂಡಾಡುತ್ತದೆ, ಪಂಕ್ತಿಭೇದವನ್ನು ಮುಚ್ಚಿಡುವುದೂ ಇಲ್ಲ.

ಪಂಢರಪುರಕ್ಕೆ ಹೋಗುವ ಜನರಿರುವ ನಾಡೇ ಮಹಾರಾಷ್ಟ್ರ ಎಂಬ ಅರ್ಥದ ಒಂದು ವ್ಯಾಖ್ಯೆಯನ್ನು ಅವರು ಅಲ್ಲಿ ಕೊಡುತ್ತಾರೆ. ತುಂಬ ಚಂದದ ವ್ಯಾಖ್ಯೆ. ಆದರೆ ವಿಜಯಪುರ, ಬಾಗಲಕೋಟೆಯ ಕಡೆಯಿಂದ ವಿಠ್ಠಲನ ಹೆಸರು ಹೇಳುತ್ತ ಬರುವ ಕನ್ನಡದ ವಾರಕರಿಗಳನ್ನು ಯಾವ ನಾಡಿಗೆ ಸೇರಿಸೋಣ? ಜ್ಞಾನೇಶ್ವರರೇ ವಿಠ್ಠಲನನ್ನು ಕನ್ನಡದವನೆಂದು ಹಾಡಿದ್ದಾರೆ. ಪುರಂದರದಾಸರ ಅಂಕಿತದಲ್ಲಿಯೂ ವಿಠ್ಠಲನಿದ್ದಾನೆ. ಈ ಪ್ರಶ್ನೆಯನ್ನು ನಿಮ್ಮ ಗುರುಗಳೊಡನೆ ಚರ್ಚಿಸಿರಿ.

ಇರಾವತಿಯವರು ಶಾಸ್ತ್ರಗ್ರಂಥಗಳನ್ನು ಇಂಗ್ಲಿಷಿನಲ್ಲಿ ಬರೆದರು, ಮನಸ್ಸಿಗೆ ಹತ್ತಿರವಾದುದನ್ನು ಮರಾಠಿಯಲ್ಲಿ ಬರೆದರು. ‘ಪರಿಪೂರ್ತಿ’, ‘ಭೋವರಾ’ ಅವರ ಪ್ರಬಂಧಸಂಕಲನಗಳು. ‘ಪರಿಪೂರ್ತಿ’ ಎಂಬ ಪ್ರಬಂಧದಲ್ಲಿ ಒಂದು ಸೊಗಸಾದ ಸಂಗತಿ ಬರುತ್ತದೆ. ಸಭೆಯೊಂದರಲ್ಲಿ ಅವರ ಪರಿಚಯ ಮಾಡಿಕೊಡುವವರು ದೊಡ್ಡ ಮಾವನ ಸೊಸೆ, ದೊಡ್ಡ ಗಂಡನ ಹೆಂಡತಿ ಎಂದು ಹೊಗಳುತ್ತಾರೆ. ಅವರಿಗೆ ಏನೋ ಕೊರತೆ ಅನಿಸುತ್ತದೆ. ಬೀದಿಯಲ್ಲಿ ಬರುವಾಗ ಹುಡುಗರು, ಈಕೆ ನಮ್ಮ ವರ್ಗದ ಕರ್ವೆಯ ಅವ್ವ ಎಂದು ತಮ್ಮ ತಮ್ಮಲ್ಲೇ ಆಡಿಕೊಳ್ಳುವುದು ಕಿವಿಗೆ ಬೀಳುತ್ತದೆ. ಆಗ ಪರಿಚಯ ಪೂರ್ತಿಯಾಯಿತು ಎಂದು ಅವರು ನಗುತ್ತಾರೆ. ಆ ನಗೆಯಲ್ಲಿ ತುಸು ಚುಚ್ಚು ಇದೆಯೇ ಎಂದು ಓದಿದವರೇ ಹೇಳಬೇಕು.

ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿದ್ದು 1967ರಲ್ಲಿ ಬಂದ ‘ಯುಗಾಂತ’. ಪುಣೆಯ ಭಾಂಡಾರಕರ ಸಂಸ್ಥೆಯವರು ನೂರಾರು ಹಸ್ತಪ್ರತಿಗಳನ್ನು ಹೋಲಿಸಿ ಮಹಾಭಾರತದ ಶುದ್ಧಪಾಠವನ್ನು ಸಿದ್ಧಗೊಳಿಸುತ್ತಿದ್ದರು. 1919ರಲ್ಲಿ ತೊಡಗಿದ ಆ ಕೆಲಸ 1966ರಲ್ಲಿ ಮುಗಿಯಿತು. ಇರಾವತಿಯವರು ಆ ಪಾಠವನ್ನು ಮುಂದಿಟ್ಟುಕೊಂಡು ಭೀಷ್ಮ, ಗಾಂಧಾರಿ, ಕುಂತಿ, ದ್ರೌಪದಿ, ಕರ್ಣ, ಕೃಷ್ಣರನ್ನು ದೇವರೂ ಅಲ್ಲದ, ರಾಕ್ಷಸರೂ ಅಲ್ಲದ ಮನುಷ್ಯರಂತೆ ಕಂಡರು. ಭೀಷ್ಮನ ಪ್ರತಿಜ್ಞೆಯನ್ನು ನಾವೆಲ್ಲ ಕೊಂಡಾಡುತ್ತೇವೆ. ಆ ಪ್ರತಿಜ್ಞೆಯಿಂದ ಅಂಬೆ, ಗಾಂಧಾರಿಯರಂಥ ಹೆಣ್ಣುಮಕ್ಕಳ ಬಾಳು ಏನಾಯಿತೆಂದು ಇರಾವತಿಯವರು ಲೆಕ್ಕ ಕೇಳಿದರು. ಖಾಂಡವವನವನ್ನು ಸುಟ್ಟಾಗ ಓಡಿ ಪಾರಾಗಲು ಬಂದ ಪ್ರಾಣಿಗಳನ್ನೂ ನಾಗರನ್ನೂ ಕೃಷ್ಣಾರ್ಜುನರು ಸುತ್ತುಗಟ್ಟಿ ಕೊಂದದ್ದೇಕೆ ಎಂದು ಕೇಳಿದರು. ಹೊಲ ಮಾಡಲು ಕಾಡು ಬೇಕಿತ್ತು, ಕಾಡಿನಲ್ಲಿದ್ದವರು ಬೇಡವಾಗಿದ್ದರು ಎಂಬುದು ಅವರಿಗೆ ಹೊಳೆದ ಉತ್ತರ. ಹಿಮಾಲಯದ ದಾರಿಯಲ್ಲಿ ದ್ರೌಪದಿ ಕುಸಿದು ಬಿದ್ದಾಗ ಭೀಮ ಅವಳ ಬಳಿ ಬಂದಂತೆ ಅವರು ಒಂದು ದೃಶ್ಯ ಚಿತ್ರಿಸಿದ್ದಾರೆ. ಅದು ಮೂಲದಲ್ಲಿ ಇಲ್ಲ, ತಮ್ಮ ಕಲ್ಪನೆ ಎಂದು ಅಲ್ಲಿಯೇ ತಿಳಿಸಿಬಿಡುತ್ತಾರೆ. ಅಂಕಿಯಲ್ಲಿ ಇದ್ದ ಪ್ರಾಮಾಣಿಕತೆ ಕಥೆಯಲ್ಲಿಯೂ ಇತ್ತು. 1968ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಈ ಪುಸ್ತಕಕ್ಕೆ ಬಂತು. ‘ಯುಗಾಂತ’ ಬಂದ ಹನ್ನೆರಡು ವರ್ಷಕ್ಕೆ, 1979ರಲ್ಲಿ, ಕನ್ನಡದಲ್ಲಿ ಎಸ್.ಎಲ್. ಭೈರಪ್ಪನವರ ‘ಪರ್ವ’ ಕಾದಂಬರಿ ಪ್ರಕಟವಾಯಿತು. ಅದೂ ಮಹಾಭಾರತದವರನ್ನು ಮನುಷ್ಯರನ್ನಾಗಿಯೇ ನೋಡುತ್ತದೆ. ದೊಡ್ಡವರಾದ ಮೇಲೆ ಎರಡನ್ನೂ ಓದಿರಿ.

ಖಾಂಡವವನದ ಬಗ್ಗೆ ಬರೆದ ಆ ವರ್ಷಗಳಲ್ಲಿಯೇ ಅವರು ಕೊಯ್ನಾ ಕಣಿವೆಯ ಜನರನ್ನೂ ಹುಡುಕಿಕೊಂಡು ಹೋದರು. ಸಾತಾರಾ ಜಿಲ್ಲೆಯ ಪಾಟಣ ತಾಲೂಕಿನಲ್ಲಿ ಕೊಯ್ನಾ ನದಿಗೆ ಅಣೆಕಟ್ಟು ಕಟ್ಟಿದ್ದು ನಿಮಗೆ ಗೊತ್ತಿದೆ. ಈ ನದಿ ಕರಾಡದಲ್ಲಿ ಕೃಷ್ಣೆಯನ್ನು ಕೂಡಿ ನಮ್ಮ ಸಾಂಗಲಿಯತ್ತ ಹರಿದು ಬರುತ್ತದೆ. ಅಣೆಕಟ್ಟಿನಿಂದ ಮಹಾರಾಷ್ಟ್ರಕ್ಕೆ ವಿದ್ಯುತ್ತು ಸಿಕ್ಕಿತು. ಊರು ಮುಳುಗಿ ಎದ್ದು ಹೋದವರಿಗೆ ಏನು ಸಿಕ್ಕಿತು? ಇರಾವತಿಯವರು ಮಗಳು ಜಾಯಿ ನಿಂಬಕರರ ಜೊತೆಗೂಡಿ ಈ ಪ್ರಶ್ನೆಯನ್ನು ಮನೆಮನೆಗೆ ಒಯ್ದರು. ಸರಕಾರದ ಕಾಗದಗಳಲ್ಲಿ ಮರುವಸತಿ ಆಗಿತ್ತು. ಕಣ್ಣಾರೆ ನೋಡಿದಾಗ ಒಂದೇ ಊರಿನವರು ಹತ್ತು ಕಡೆ ಚದುರಿದ್ದರು, ಕಳೆದುಕೊಂಡ ನೆಲಕ್ಕೆ ಸರಿಯಾದ ನೆಲ ಅನೇಕರಿಗೆ ಸಿಕ್ಕಿರಲಿಲ್ಲ, ಕಷ್ಟಕ್ಕೆ ಒದಗುತ್ತಿದ್ದ ನಂಟರು ದೂರವಾಗಿದ್ದರು. ನಂಟಸ್ತಿಕೆಯ ಮೇಲೆ ಅಷ್ಟು ದೊಡ್ಡ ಗ್ರಂಥ ಬರೆದವರಿಗೆ ಈ ಕೊನೆಯ ನಷ್ಟ ಎಷ್ಟು ದೊಡ್ಡದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದನ್ನೆಲ್ಲ ಬರೆದು 1969ರಲ್ಲಿ ಡೆಕ್ಕನ್ ಕಾಲೇಜಿನಿಂದ ಪ್ರಕಟಿಸಿದರು. ಅಣೆಕಟ್ಟುಗಳನ್ನು ಹೊಗಳುವ ಕಾಲವದು. ಮುಳುಗಿದವರ ಮಾತನ್ನು ಕೇಳಿ ಬರೆದ ವರದಿಗಳು ಬಹಳ ಇರಲಿಲ್ಲ.

ಮರುವರ್ಷ, 1970ರ ಆಗಸ್ಟ್ 11ರಂದು, ಪುಣೆಯ ಮನೆಯಲ್ಲಿ ನಿದ್ದೆಯಲ್ಲಿದ್ದಾಗಲೇ ಇರಾವತಿಯವರು ತೀರಿಕೊಂಡರು. ಆಗ ಅವರಿಗೆ ಅರವತ್ತೈದು ವರ್ಷವೂ ತುಂಬಿರಲಿಲ್ಲ. ಹೆಣ್ಣುಮಕ್ಕಳಾದ ಜಾಯಿ ನಿಂಬಕರ ಮತ್ತು ಗೌರಿ ದೇಶಪಾಂಡೆ ಇಬ್ಬರೂ ಲೇಖಕಿಯರಾದರು. ಮಗ ಆನಂದ ಕರ್ವೆ ಕೃಷಿವಿಜ್ಞಾನಿಯಾದರು. ಬಿಡಿಯಾಗಿ ಉಳಿದಿದ್ದ ಪ್ರಬಂಧಗಳನ್ನು ಸೇರಿಸಿ 1972ರಲ್ಲಿ ‘ಗಂಗಾಜಲ’ ಎಂಬ ಹೆಸರಿನಿಂದ ಹೊರತಂದರು.